ಲೇಟಾಗಿ ಬರುವ ಆಮೆನ್

ನೀಲಗಿರಿ ಎಣ್ಣೆಯ ವಾಸನೆ ಬಂದರೆ ಸಾಕು, ಈಗಲೂ ಲಿಲ್ಲಿಯ ಉಸಿರು ನನ್ನ ಕಿವಿಯ ಬಳಿ ಸುಳಿದಂತಾಗುತ್ತದೆ. ಸಿಡ್ನಿಯ ಈ ಸ್ಕೋಫೀಲ್ಡ್ಸ್‌ನಲ್ಲಿ ಅದಕ್ಕೆ ಬಾಟ್ಲಿಯೂ ಬೇಕಿಲ್ಲ. ಮಳೆ ನಿಂತೊಡನೆ ಮೊಮ್ಮಗಳ ಸ್ಕೂಲಿನ ಬೇಲಿಯಾಚೆಯ ನೀಲಗಿರಿ ಜಾತಿಯ ಗಮ್ ಮರಗಳೇ ಆ ವಾಸನೆ ಬಿಡುತ್ತವೆ. ಕೆಲವು ವರ್ಷಗಳ ಹಿಂದೆ, ಜುಲೈ ಚಳಿಯಲ್ಲಿ, ಜ್ವರ ಬಂದ ತಾನ್ಯಾಳನ್ನು ಕರೆತರಲು ಹೋಗಿದ್ದೆ. ಫ್ಲೂ ಹರಡಿ ಅವಳ ಕ್ಲಾಸಿನ ಅರ್ಧ ಕುರ್ಚಿಗಳು ಖಾಲಿ. ಗಾಳಿಯಾಡಲೆಂದು ಕಿಟಕಿಗಳನ್ನೆಲ್ಲ ತೆರೆದಿಟ್ಟಿದ್ದರು. ನಾನು ಚಿಕ್ಕವಳಿದ್ದಾಗ ನಮ್ಮ ಸಿಸ್ಟರ್ ಬೆನಿಗ್ನಾ ಕೂಡ ಹಾಗೆಯೇ ತೆರೆಸಿದ್ದರು.

ಅಮ್ಮನಿಲ್ಲದ ನನಗೂ ತಂಗಿ ಲಿಲ್ಲಿಗೂ ಮಂಗಳೂರಿನ ಕಾನ್ವೆಂಟ್ ಬೋರ್ಡಿಂಗೇ ಮನೆಯಾಗಿತ್ತು. ಅಲ್ಲಿ ಫ್ಲೂ ಕಾಲಿಟ್ಟ ವರ್ಷ ಸಿಸ್ಟರ್, ಒಬ್ಬಳ ತಲೆಯ ಪಕ್ಕ ಇನ್ನೊಬ್ಬಳ ಕಾಲು ಬರುವಂತೆ ನಮ್ಮ ಮಂಚಗಳನ್ನು ತಿರುಗಿಸಿ ಹಾಕಿಸಿದರು. ಕಾಲರಿಗೆ ನೀಲಗಿರಿ ಎಣ್ಣೆಯ ಕರ್ಚೀಫು ಪಿನ್ ಮಾಡಿದರು. ಸಂಜೆಯ ತೇರ್ಸ್, ಅಂದರೆ ಜಪಸರದ ಪ್ರಾರ್ಥನೆ ಮುಗಿದೊಡನೆ ಒಬ್ಬೊಬ್ಬರಾಗಿ ಶಿಲುಬೆಗೆ ಮುತ್ತಿಡುವುದು ನಮ್ಮ ರೂಢಿ. ಅದೂ ನಿಂತಿತು. “ಯಾರೂ ಮುಟ್ಟುವುದು ಬೇಡ ಮಕ್ಕಳೇ. ದೇವರಿಗೆ ಕಣ್ಣು ಸರಿ ಉಂಟು, ದೂರದಿಂದ ಕೈಮುಗಿದರೂ ಕಾಣ್ತದೆ.”

ಲಿಲ್ಲಿಗೆ ಜ್ವರ ಏರಿ ಸಿಕ್ ರೂಮಿಗೆ ಹಾಕಿದರು. ನನ್ನನ್ನು ಒಳಗೆ ಬಿಡಲಿಲ್ಲ. ಆದರೆ ಆ ಮುಚ್ಚಿದ ಬಾಗಿಲ ಮುಂದೆಯೇ ನಮ್ಮ ತೇರ್ಸ್ ನಡೆಯುತ್ತಿತ್ತು. ಸಿಸ್ಟರ್ ಅರ್ಧ ಹೇಳಿದರೆ ಉಳಿದರ್ಧ ನಾವು, ಬಾಗಿಲಾಚೆಯಿಂದ ಲಿಲ್ಲಿ. ಎಲ್ಲರ ಆಮೆನ್ ಮುಗಿದ ಮೇಲೆ ಅವಳದೊಂದು ಒಂಟಿಯಾಗಿ ಬರುತ್ತಿತ್ತು. “ನಿನ್ನ ಬಸ್ಸು ಯಾವಾಗಲೂ ಲೇಟು ಮಾರಾಯ್ತಿ!” ಎಂದು ಸಿಸ್ಟರ್ ಬಾಗಿಲಿಗೇ ಗದರುವರು. ಆ ಆಮೆನ್ ಕೇಳಿದರೆ ನನ್ನ ತಂಗಿ ಇದ್ದಾಳೆ. ಅದನ್ನು ಕೇಳಿಸಿಕೊಂಡೇ ನಾನು ಊಟಕ್ಕೆ ಏಳುತ್ತಿದ್ದೆ.

ಒಂದು ಬೆಳಿಗ್ಗೆ ಅವಳ ಹಾಸಿಗೆಯನ್ನು ಅಂಗಳಕ್ಕೆ ತಂದು ಸುಟ್ಟರು. ಅವಳನ್ನು ಮಣ್ಣು ಮಾಡಿ ಬಂದ ಸಂಜೆಯೂ ತೇರ್ಸ್ ತಪ್ಪಲಿಲ್ಲ. ಸಿಕ್ ರೂಮಿನ ಬಾಗಿಲು ತೆರೆದೇ ಇತ್ತು. ಒಳಗೆ ಬರೀ ಕಬ್ಬಿಣದ ಮಂಚ. ನಮ್ಮ ಆಮೆನ್ ಮುಗಿಯಿತು. ಸಿಸ್ಟರ್ ಬೆರಳು ಮುಂದಿನ ಮಣಿಗೆ ಸರಿಯಲಿಲ್ಲ. ತಲೆ ತುಸು ವಾಲಿಸಿ ಕಾದರು, ಏನೋ ಕೇಳಿಸಿಕೊಂಡವರಂತೆ ಮುಂದುವರಿದರು. ಮಣಿಮಣಿಗೂ ಹಾಗೆಯೇ. ನಮ್ಮಲ್ಲಿ ಯಾರೂ ಯಾರ ಮುಖವನ್ನೂ ನೋಡಲಿಲ್ಲ.

ಆ ಬೋರ್ಡಿಂಗನ್ನು ಕೆಡವಿ ಎಷ್ಟೋ ಕಾಲವಾಯಿತು. ಸಿಸ್ಟರೂ ಹೋದರು. ಕಾಯುವ ಆ ಅಭ್ಯಾಸ ಮಾತ್ರ ನನಗೆ ಅಂಟಿಕೊಂಡಿತು.

ಜ್ವರ ಪೂರ್ತಿ ಬಿಡುವವರೆಗೂ ತಾನ್ಯಾಳನ್ನು ಕಳಿಸಬೇಡಿ ಎಂದಿತ್ತು ಸ್ಕೂಲು. “ಅಮ್ಮಾ, ಊಟ ಬಾಗಿಲ ಹತ್ರ ಇಡಿ, ಒಳಗೆ ಹೋಗ್ಬೇಡಿ, ಪ್ರಾಮಿಸ್?” ಎಂದು ಮಗಳು ಮ್ಯಾಕ್ವೆರಿ ಪಾರ್ಕಿನ ಆಫೀಸಿಗೆ ಹೋದಳು. ಸಂಜೆಯಾದರೂ ಬಂದಿರಲಿಲ್ಲ. ಕಾರಿಡಾರಿನಲ್ಲಿ ಕುರ್ಚಿ ಹಾಕಿಕೊಂಡು ತೇರ್ಸ್ ಶುರುಮಾಡಿದೆ. ಮುಚ್ಚಿದ ಬಾಗಿಲ ಹಿಂದಿನಿಂದ ತಾನ್ಯಾ ಕಟ್ಟಿದ ಗಂಟಲಲ್ಲಿ ಆಮೆನ್ ಎನ್ನುತ್ತಿದ್ದಳು. ಅಭ್ಯಾಸದಂತೆ ಪ್ರತಿ ಸಲವೂ ಕಾದು ಮುಂದುವರಿದೆ.

“ಗ್ರ್ಯಾನಿ, ಹೂ ಈಸ್ ವಿತ್ ಯೂ?”

“ಯಾರೂ ಇಲ್ಲ ಪುಟ್ಟಾ. ನಾನೊಬ್ಬಳೇ.”

“ದೆನ್ ವೈ ಈಸ್ ಶಿ ಆಲ್ವೇಸ್ ಲೇಟ್?”

ಲಿಲ್ಲಿಯ ವಿಷಯ ನಾನು ಅವಳಿಗೆ ಎಂದೂ ಹೇಳಿದವಳಲ್ಲ. ಜ್ವರದ ಮಾತಿರಬಹುದು. ಮುಂದಿನ ವಾರ ಗುಣವಾಗಿ, ಎಲ್ಲ ಮರೆತು, ಕುಣಿಯುತ್ತ ಸ್ಕೂಲಿಗೆ ಹೋದಳು. ಅವಳು ಹಾಗೆ ಕೇಳಿದ ಆ ಸಂಜೆ ಮಾತ್ರ ಕೊನೆಯ ಆಮೆನ್‌ವರೆಗೂ ಕಾದೆ. ಆಮೇಲೆ ಶಿಲುಬೆಗೆ ಮುತ್ತಿಟ್ಟು, ಸೆರಗಿನಿಂದ ಒರೆಸಿ, ನನ್ನ ಪಕ್ಕಕ್ಕೆ, ಒಂದು ಪುಟ್ಟ ಹುಡುಗಿಯ ಬಾಯಿಗೆ ಎಟಕುವಷ್ಟು ಕೆಳಗೆ, ಚಾಚಿ ಹಿಡಿದೆ.