ಕಡೇ ತಿಂಗಳ ಕಾಳು

ಅರೆಬೊಗಸೆ ಅಜ್ಜ ಎಂದರೆ ಸುತ್ತಮುತ್ತ ಕುರಿ ಸಾಕುವವರಿಗೆಲ್ಲ ಗೊತ್ತು. ಗಬ್ಬದ ಕುರಿಗಳಿಗೆ ಕಡೇ ತಿಂಗಳಲ್ಲಿ ಅವನು ಹಾಕುತ್ತಿದ್ದ ಕಾಳು ಅರ್ಧ ಬೊಗಸೆ, ಅದಕ್ಕೇ ಆ ಹೆಸರು. ತನ್ನ ತಟ್ಟೆಯ ವಿಷಯದಲ್ಲಿ ಮುದುಕನಿಗೆ ಇಂಥ ಕಟ್ಟುನಿಟ್ಟೇನೂ ಇರಲಿಲ್ಲ ಬಿಡಿ. ಹರೆಯದಲ್ಲಿ ಅವನ ಮೊದಲ ಕುರಿ ದೊಡ್ಡ ಮರಿಯನ್ನು ಈಯಲಾರದೆ ಅವನ ತೊಡೆಯ ಮೇಲೇ ಪ್ರಾಣ ಬಿಟ್ಟಿತ್ತು. ಅಂದಿನಿಂದ ಹಿಡಿದ ಹಟ: ತಾಯಿಗೆ ಕಡಿಮೆ ಹಾಕಿದರೆ ಮರಿ ಸಣ್ಣದಾಗುತ್ತದೆ, ಸಲೀಸಾಗಿ ಹೊರಗೆ ಬರುತ್ತದೆ. ಬರುತ್ತಲೂ ಇದ್ದವು. ಮೂರು ದಿನದಲ್ಲಿ ಒಂದೊಂದಾಗಿ ಸತ್ತರೆ ಚಳಿಯನ್ನು ಬೈದು ಸುಮ್ಮನಾಗುತ್ತಿದ್ದ.

ಆ ಬೆಳಿಗ್ಗೆ ಅವನ ಅಚ್ಚುಮೆಚ್ಚಿನ ಬಿಳಿಗಿವಿಯ ಕುರಿ ಅವಳಿ ಹಾಕಿತು. ಮೊದಲನೆಯದು ಉಸಿರನ್ನೇ ಎಳೆಯಲಿಲ್ಲ. ಎರಡನೆಯದು ಏಳಲು ಹೋಗಿ ಮತ್ತೆ ಮತ್ತೆ ಮುಗ್ಗರಿಸಿತು. ಅಜ್ಜ ತಾಯಿಯ ಕೆಚ್ಚಲು ಹಿಂಡಿದ. ಎರಡು ಹನಿ ಅಂಟು ಬಿಟ್ಟರೆ ಏನೂ ಇಲ್ಲ. ಮರಿಯ ಬಾಯೊಳಗೆ ಬೆರಳಿಟ್ಟ, ತಣ್ಣಗಿತ್ತು.

ಅಷ್ಟರಲ್ಲಿ ಸೊಸೆ ಲೋಟದ ತುಂಬ ಹಳದಿ ಬಣ್ಣದ ಗಟ್ಟಿ ಗಿಣ್ಣುಹಾಲು ಹಿಡಿದು ಬಂದಳು. ನಿನ್ನೆ ಸಂಜೆ ಈದ ಕುಂಟಿ ಕುರಿಯದು ಎಂದಳು. ಅಜ್ಜ ನಂಬಲಿಲ್ಲ, ಕುಂಟಿಗೂ ಹಾಕಿದ್ದು ಅಷ್ಟೇ ತಾನೇ?

"ಬೈಬೇಡಿ ಮಾವ. ತಿಂಗಳಿಂದ ಅದಕ್ಕೆ ನಾನೇ ಕದ್ದು ಕಾಳು, ಹಿಂಡಿ ಹಾಕ್ತಿದ್ದೆ. ಅದರ ಮರಿ ಹುಟ್ಟಿದ ಕೂಡಲೇ ಎದ್ದು ಕುಡಿದದ್ದು ನೀವೇ ನೋಡಿದ್ರಲ್ಲ."

ಮುದುಕನ ಮೈಯೆಲ್ಲ ಉರಿದುಹೋಯಿತು. ತನ್ನ ಕೊಟ್ಟಿಗೆಯಲ್ಲೇ ತನ್ನ ಕಣ್ಣಿಗೆ ಮಣ್ಣೆರಚಿದ್ದಾಳಲ್ಲ ಇವಳು! ಆದರೆ ಬೈಯಲು ಪುರುಸೊತ್ತೆಲ್ಲಿ? ಮರಿಯ ಕತ್ತು ವಾಲುತ್ತಿತ್ತು.

ಇಬ್ಬರೂ ಅದನ್ನು ಗೋಣಿಚೀಲದಲ್ಲಿ ಸುತ್ತಿ ಅಡುಗೆಮನೆಯ ಒಲೆಯ ಬಳಿಗೆ ಒಯ್ದರು. ಸೊಸೆ ಮೈ ಉಜ್ಜಿದಳು. ಬಾಯಿ ಬೆಚ್ಚಗಾದ ಮೇಲೆ ಅಜ್ಜ ಗಿಣ್ಣುಹಾಲನ್ನು ಬಾಟಲಿಗೆ ಹಾಕಿ, ಅದರ ತೊಟ್ಟನ್ನು ಮರಿಯ ಬಾಯಿಗಿಟ್ಟು ಹಿಂಡಿದ. ಹಾಲು ಕಟವಾಯಿಯಿಂದ ಸೋರಿಹೋಯಿತು. ಇನ್ನೊಮ್ಮೆ ಹಿಂಡಿದ, ಅದೂ ಸೋರಿತು. ಇದು ಹೋದರೆ ತನ್ನ ಕೈಯಾರೆ ಹೋದಂತೆ ಎಂದು ಅವನಿಗೆ ಹೆದರಿಕೆಯಾಯಿತು. ಮೂರನೆಯ ಸಲ ಮರಿಯ ಗಂಟಲು ಅಲುಗಿತು. ಒಂದು ಗುಟುಕು, ಆಮೇಲೆ ಇನ್ನೊಂದು. ಸ್ವಲ್ಪ ಹೊತ್ತಿಗೆ ಬಾಲ ಅಲ್ಲಾಡಿತು.

ಸೊಸೆ ನಿಟ್ಟುಸಿರುಬಿಟ್ಟು ನಕ್ಕಳು. ಅಜ್ಜ ನಗಲಿಲ್ಲ. ಸಣ್ಣ ಮರಿಗಳನ್ನು ಹೂಳುತ್ತಿದ್ದ ಹಿತ್ತಲಿನ ಮೂಲೆ ಕಿಟಕಿಯಿಂದ ಕಾಣುತ್ತಿತ್ತು. ಅದನ್ನೇ ನೋಡುತ್ತ ಕುಳಿತ.

"ಹಾಗಾದ್ರೆ ಅಷ್ಟು ವರ್ಷ ಅವು ಹೋಗಿದ್ದು ಚಳಿಗಲ್ಲ, ಅಲ್ವೇನಮ್ಮಾ?"

ಸೊಸೆ ತಲೆ ತಗ್ಗಿಸಿದಳು. "ಅಲ್ಲ ಮಾವ."

ಮುದುಕ ಮರಿಯನ್ನು ಮಡಿಲಲ್ಲಿಟ್ಟುಕೊಂಡೇ ಬಿಕ್ಕಿ ಬಿಕ್ಕಿ ಅತ್ತ.