ಅಣ್ಣನ ಶೆಡ್ಡಿನಲ್ಲಿ ಉಳಿದ ನಾಲ್ಕು ವಾಲ್ವುಗಳು

ಇದನ್ನು ನಂಬಲೇಬೇಕೆಂದು ನಾನು ಯಾರನ್ನೂ ಒತ್ತಾಯಿಸುವುದಿಲ್ಲ. ಎರ್ನಾಕುಲಂನ ಒಂದು ಬ್ಯಾಂಕಿನಲ್ಲಿ ಸಹಿಗಳನ್ನು ತಾಳೆ ನೋಡುವ ಕೆಲಸ ನನ್ನದು. ಇಲ್ಲದ್ದನ್ನು ಉಂಟು ಎನ್ನುವ ಜಾಯಮಾನ ಅಲ್ಲ. ಆದರೂ ಆ ಬೆಳಗಿನ ಜಾವ ಕೇಳಿದ್ದು ಕೇಳಿದ್ದೇ...

ನಾವು ಪುತ್ತೂರಿನ ಕಡೆಯವರು. ನನ್ನ ಅಣ್ಣ ಗಣೇಶ ತಿರುವನಂತಪುರದ ಹತ್ತಿರ, ತುಂಬ ಎಂಬ ಕಡಲತಡಿಯ ಊರಿನಲ್ಲಿ ಸರ್ಕಾರಿ ಸಂಸ್ಥೆಯೊಂದರ ಟೆಕ್ನಿಷಿಯನ್ ಆಗಿದ್ದ. ಅವನ ಹಳೇ ಕಾರಿನ ಎಂಜಿನ್ ಒಂದು ವರ್ಷದಿಂದ ಟಕ ಟಕ ಅನ್ನುತ್ತಿತ್ತು. ಗ್ಯಾರೇಜಿಗೆ ಕೊಡಲಿಕ್ಕೆ ಅವನಿಗೆ ಮನಸ್ಸಿಲ್ಲ. ತಾನೇ ಸರಿಮಾಡಬೇಕು.

"ಒಂದು ಆದಿತ್ಯವಾರ ಬಾ ಮಾರಾಯ," ಎಂದು ಫೋನಿನಲ್ಲಿ ಕರೆಯುತ್ತಿದ್ದ. "ನಾನು ಮೇಲೆ ಅಳತೆ ಹಿಡಿಯುವಾಗ ನೀನು ಕೆಳಗಿಂದ ಎಂಜಿನ್ ಒಂದು ಸುತ್ತು ತಿರುಗಿಸಿದರೆ ಸಾಕು. ಊಟ ಮಾಡಿ ಹೋದರಾಯಿತು."

"ಬರುವ ವಾರ ಅಣ್ಣ," ಎನ್ನುತ್ತಿದ್ದೆ ನಾನು.

ರೈಲಿನಲ್ಲಿ ನಾಲ್ಕು ಗಂಟೆಯ ದಾರಿ ಅಷ್ಟೇ. ವರ್ಷವಿಡೀ ಹೋಗಲಿಲ್ಲ. ಕೊನೆಗೆ ಹೋದದ್ದು ಅವನ ಮುಖ ಕೊನೆಯ ಸಲ ನೋಡಲು. ಎದೆ ಹಿಡಿದುಕೊಂಡಿತು ಎಂದು ಕುರ್ಚಿಯಲ್ಲಿ ಕೂತವನು ಮತ್ತೆ ಏಳಲಿಲ್ಲವಂತೆ.

ಮೂರು ತಿಂಗಳಾದ ಮೇಲೆ ಶೈಲತ್ತಿಗೆ ಫೋನ್ ಮಾಡಿದರು. "ಕಾರು ಶೆಡ್ಡಿನಲ್ಲೇ ತುಕ್ಕು ಹಿಡಿತಾ ಉಂಟು. ನೀನೇ ತೆಗೆದುಕೊಂಡು ಹೋಗು, ಸುರೇಶ."

ಒಂದು ಶನಿವಾರ ಸಂಜೆ ಹೋದೆ. ಸ್ಟಾರ್ಟ್ ಮಾಡಿದರೆ ಅದೇ ಟಕ ಟಕ. ಅತ್ತಿಗೆ ಒಳಗೆ ಹೋಗಿ ಕದ ಹಾಕಿಕೊಂಡರು.

ಪಕ್ಕದ ಬೀದಿಯ ಮೆಕ್ಯಾನಿಕ್ ಮೋಹನನ್‌ರನ್ನು ಕರೆದೆ. ಎಲ್ಲರೂ ಅವರನ್ನು ಆಶಾನ್, ಅಂದರೆ ಗುರು, ಎಂದೇ ಕರೆಯುವುದು. ಮೊದಲು ಆಯಿಲ್ ನೋಡಿದರು. ಸರಿಯಿತ್ತು. ಉದ್ದದ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ ಮೇಲಿಟ್ಟು, ಹಿಡಿಯನ್ನು ಕಿವಿಗೊತ್ತಿ, ವೈದ್ಯರ ಹಾಗೆ ಕೇಳಿದರು. ಎಂಜಿನ್ ನಿಲ್ಲಿಸಿ ಮೇಲಿನ ಮುಚ್ಚಳ ತೆಗೆದು, ವಾಲ್ವುಗಳನ್ನು ಒತ್ತುವ ರಾಕರ್‌ಗಳನ್ನು ಒಂದೊಂದಾಗಿ ಬೆರಳಲ್ಲಿ ಅಲ್ಲಾಡಿಸಿದರು.

"ಎಂಟೂ ಸಡಿಲ, ಸಾರೇ," ಎಂದರು ಮಲಯಾಳದಲ್ಲಿ. "ನಡುವಿನ ಎಡೆ ಜಾಸ್ತಿಯಾಗಿ ಹೊಡೆದುಕೊಳ್ಳುತ್ತಿವೆ. ಆದರೆ ಬಿಸಿ ಎಂಜಿನ್‌ನಲ್ಲಿ ಅಳತೆ ಸಿಗುವುದಿಲ್ಲ. ರಾತ್ರಿಯೆಲ್ಲ ತಣ್ಣಗಾಗಲಿ. ಬೆಳಗ್ಗೆ ಐದಕ್ಕೆ ಬರುತ್ತೇನೆ."

ಮುಚ್ಚಳ ಮತ್ತೆ ಕೂರಿಸಿ ಹೋದರು. ನಾನು ಶೆಡ್ಡಿಗೆ ಬೀಗ ಹಾಕಿ, ಕೀ ತಲೆದಿಂಬಿನ ಕೆಳಗಿಟ್ಟು ಮಲಗಿದೆ.

ಎಚ್ಚರವಾದಾಗ ನಾಲ್ಕು ಗಂಟೆ ಇರಬಹುದು. ದೂರದಲ್ಲಿ ಕಡಲು ಮೊರೆಯುತ್ತಿತ್ತು. ಅದರ ನಡುವೆ... ಟಿಣ್. ಸ್ಪ್ಯಾನರ್ ಕಬ್ಬಿಣಕ್ಕೆ ತಾಗಿದ ಸದ್ದು. ಸ್ವಲ್ಪ ಹೊತ್ತು ಏನಿಲ್ಲ. ಮತ್ತೆ ಟಿಣ್...

ಆಶಾನ್ ಬೇಗ ಬಂದರೋ ಏನೋ ಎಂದುಕೊಂಡೆ. ಕೀ ತೆಗೆದುಕೊಂಡು ಅಂಗಳಕ್ಕಿಳಿದೆ. ಶೆಡ್ಡಿನ ಬೀಗ ಹಾಕಿದ ಹಾಗೇ ಇತ್ತು.

ಬಾಗಿಲ ಸಂದಿನಿಂದ ಸೀಮೆಎಣ್ಣೆಯ ವಾಸನೆ ಬಂತು. ಅಣ್ಣ ಯಾವಾಗಲೂ ಸೀಮೆಎಣ್ಣೆಯಲ್ಲೇ ಕೈಯ ಗ್ರೀಸ್ ತೊಳೆಯುತ್ತಿದ್ದ.

ಒಳಗಿನಿಂದ ಮೆಲ್ಲಗೆ, ಬಾಗಿ ಕೆಲಸ ಮಾಡುವವರ ಉಸಿರಿನಲ್ಲಿ...

"ಒಂದು ಸುತ್ತು ತಿರುಗಿಸು ಮಾರಾಯ."

ಕೀ ನನ್ನ ಮುಷ್ಟಿಯಲ್ಲೇ ಇತ್ತು. ಬಾಗಿಲಿಗೆ ಎರಡು ಹೆಜ್ಜೆ. ಹೋಗಲಿಲ್ಲ. ನನ್ನ ಸ್ವಂತ ಅಣ್ಣನಿಗೆ ಹೆದರಿ ಅಂಗಳದಲ್ಲಿ ಕಂಬದ ಹಾಗೆ ನಿಂತೆ. ಇನ್ನೊಮ್ಮೆ ಕರೆದ. ಸಿಟ್ಟಿರಲಿಲ್ಲ ಸ್ವರದಲ್ಲಿ. ಕಾಯುವವರ ಸ್ವರ. ಆಮೇಲೆ ಏನೂ ಇಲ್ಲ. ಕಡಲು ಮಾತ್ರ.

ಐದಕ್ಕೆ ಆಶಾನ್ ಬಂದು ಮುಚ್ಚಳ ಬಿಚ್ಚಿದರು. ತೆಳ್ಳನೆಯ ಅಳತೆಯ ಪಟ್ಟಿಯನ್ನು ಎಡೆಯಲ್ಲಿ ತೂರಿಸಿ ನೋಡಿದರು. ಇನ್ನೊಮ್ಮೆ ನೋಡಿದರು. ನನ್ನ ಮುಖ ನೋಡಿದರು.

"ರಾತ್ರಿ ಯಾರು ಕೈಹಾಕಿದ್ದು, ಸಾರೇ?"

"ಯಾರೂ ಇಲ್ಲ. ಬೀಗ ಹಾಕಿತ್ತು."

"ನಾಲ್ಕು ವಾಲ್ವ್ ಕೂದಲೆಳೆಯಷ್ಟೂ ಹೆಚ್ಚುಕಮ್ಮಿಯಿಲ್ಲದೆ ಅಳತೆಗೆ ಕೂತಿವೆ. ಉಳಿದ ನಾಲ್ಕು ಮಾತ್ರ ನಿನ್ನೆಯ ಹಾಗೇ ಸಡಿಲ." ಆಶಾನ್ ಬೆವರು ಒರೆಸಿಕೊಂಡರು. "ಎಂಜಿನ್ ಒಂದು ಕಡೆ ನಿಂತಾಗ ನಾಲ್ಕನ್ನು ಸರಿಮಾಡಬಹುದು. ಉಳಿದವಕ್ಕೆ ಒಂದು ಸುತ್ತು ತಿರುಗಿಸಲೇಬೇಕು. ಅದನ್ನು ಯಾರೂ ತಿರುಗಿಸಲಿಲ್ಲ."

ನಾನು ಕಾರಿನ ಮುಂದೆ ಕೂತುಬಿಟ್ಟೆ. ಕೆಳಗಿನ ಪುಲ್ಲಿ ಎಂಬ ಚಕ್ರಕ್ಕೆ ಸ್ಪ್ಯಾನರ್ ಹಾಕಿ ಎಂಜಿನ್ ನಾನೇ ಒಂದು ಸುತ್ತು ತಿರುಗಿಸಿದೆ. ಎಷ್ಟು ಸಣ್ಣ ಕೆಲಸ ಅದು! ಅರ್ಧ ನಿಮಿಷವೂ ಹಿಡಿಯಲಿಲ್ಲ. ಆಶಾನ್ ಉಳಿದ ನಾಲ್ಕನ್ನು ಸರಿಮಾಡುವಷ್ಟು ಹೊತ್ತೂ ನಾನು ಅಳುತ್ತಲೇ ಇದ್ದೆ. ಸ್ಟಾರ್ಟ್ ಮಾಡಿದರೆ ಟಕ ಟಕ ಪೂರ್ತಿ ಹೋಗಿತ್ತು.

ಹೊರಡುವಾಗ ಅತ್ತಿಗೆ ಮೀನಿನ ಉಪ್ಪಿನಕಾಯಿಯ ಡಬ್ಬಿ ಸೀಟಿನ ಮೇಲಿಟ್ಟರು. ಕಣ್ಣು ಕೆಂಪಾಗಿತ್ತು.

"ಬೆಳಗಿನ ಜಾವ ಶೆಡ್ಡಿನ ಹತ್ತಿರ ನೀನೇ ಅಲ್ವಾ ಮಾತಾಡಿದ್ದು? ನಿನ್ನ ಸ್ವರ ಥೇಟ್ ಅವರದ್ದೇ. ಒಂದು ಗಳಿಗೆ ನನಗೆ... ಎದ್ದು ಬರಬೇಕು ಅಂತ ಆಯ್ತು. ಬಂದು ನೋಡಿ, ಅವರಲ್ಲ, ನೀನಾಗಿದ್ದರೆ ತಡೆದುಕೊಳ್ಳಲಿಕ್ಕೆ ಆಗುದಿಲ್ಲ ಅಂತ ಅಲ್ಲೇ ಮಲಗಿದೆ."

ಆ ರಾತ್ರಿ ನಾನು ಬಾಯಿಯೇ ಬಿಟ್ಟಿರಲಿಲ್ಲ.

"ಹೌದು ಅತ್ತಿಗೆ, ನಾನೇ," ಎಂದೆ. ಇವತ್ತಿಗೂ ಅವರಿಗೆ ನಿಜ ಹೇಳಿಲ್ಲ. ಹೇಳಬೇಕೋ, ಬಾರದೋ... ಗೊತ್ತಾಗುತ್ತಿಲ್ಲ.