ಗೌರಿ ಹಬ್ಬಕ್ಕೆ ಯಾರೂ ಸೀರೆ ಕೊಳ್ಳದ ವರ್ಷ

ಮೆಟ್ರೋ ಇನ್ನೂ ಪೀಣ್ಯದ ತನಕ ಬಂದಿರದ ಕಾಲ. ಚಿಕ್ಕಬಾಣಾವರದ ಸ್ಟೇಷನ್ ರಸ್ತೆಯಲ್ಲಿ ನನ್ನದೊಂದು ಸೀರೆ ಅಂಗಡಿ ಇತ್ತು. ಗಿರಾಕಿಗಳಲ್ಲಿ ಹೆಚ್ಚಿನವರು ಸರ್ಕಾರಿ ಕಾರ್ಖಾನೆಯೊಂದರ ನೌಕರರ ಮನೆಯ ಹೆಂಗಸರು. ಗೌರಿ ಹಬ್ಬ ಬರುತ್ತಿದೆಯೆಂದು ಕಪಾಟು ತುಂಬ ಹೊಸ ಸರಕು ತರಿಸಿದ್ದೆ. ಆ ಹಬ್ಬಕ್ಕೆ ಒಬ್ಬರೂ ಮೆಟ್ಟಿಲು ಹತ್ತಲಿಲ್ಲ.

ಹೊರಗಿನ ಬೋರ್ಡಿನ ಮೇಲೆ ರಿಯಾಯಿತಿ ಎಂದು ದಪ್ಪಕ್ಷರದಲ್ಲಿ ಬರೆಸಿದೆ. ಹೆಂಗಸರು ನಿಂತು ಓದಿ, ನನ್ನನ್ನು ನೋಡಿ ನಕ್ಕು ಮುಂದೆ ಹೋದರು. ಅವರಲ್ಲಿ ದಾವಣಗೆರೆ ಕಡೆಯ ಒಬ್ಬಾಕೆ ಅದೇ ಕಾರ್ಖಾನೆಯಲ್ಲಿ ಟೈಪಿಸ್ಟ್, ನನ್ನ ಹಳೇ ಗಿರಾಕಿ. ಓಡಿಹೋಗಿ ಅವಳ ಕೈ ಹಿಡಿದೆ.

"ಏನ್ರೀ, ನನ್ನ ಮೇಲೆ ಕೋಪಾನಾ?"

"ನಿಮ್ ಮೇಲೆ ಯಾತಕ್ಕೆ ಕೋಪ ಅಕ್ಕ? ಪ್ಯಾಕಿಂಗಿನ ಹೆಂಗಸರನ್ನೆಲ್ಲ ಕೆಲಸದಿಂದ ತೆಗೆದ್ರು ನೋಡ್ರಿ. ಹತ್ತು ವರ್ಷ ದುಡಿದೋರು. ದಿನಗೂಲಿ ಅಂತ ಒಂದು ಚೀಟಿ ಕೊಟ್ಟು ಗೇಟಿನ ಹೊರಗೆ ನಿಲ್ಲಿಸಿದ್ರು. ಕಾಯಂ ನೌಕರರಾದ ನಾವೆಲ್ಲ ಸೇರಿ ಮಾತಾಡ್ಕೊಂಡಿದೀವಿ. ಅಕ್ಕಿ, ಬೇಳೆ, ಹಾಲು, ಔಷಧಿ ಬಿಟ್ರೆ ಏನೂ ಕೊಳ್ಳಲ್ಲ. ಅವರನ್ನ ವಾಪಸ್ ತಗೊಳ್ಳೋ ತನಕ."

"ಅವರನ್ನ ತೆಗೆದದ್ದು ನಾನಾ?"

"ಅಲ್ಲ. ನಾವು ಗೇಟ್ ಮುಂದೆ ಕೂಗಿದ್ರೆ ಯಾರೂ ಕೇಳಲ್ಲ. ನೀವು ಅಂಗಡಿಯೋರು ಕೂಗಿದ್ರೆ ಕೇಳ್ತಾರೆ."

ನನಗೆ ಮೈಯೆಲ್ಲ ಉರಿಯಿತು. ಇವರ ಜಗಳಕ್ಕೆ ನಾನೇಕೆ ಸೊರಗಬೇಕು? ಪಕ್ಕದ ಪಾತ್ರೆ ಅಂಗಡಿಯವರೂ ಎದುರಿನ ಸ್ವೀಟ್ ಸ್ಟಾಲಿನವರೂ ನನಗಿಂತ ಜೋರಾಗಿ ಬೈದರು. "ಎಷ್ಟು ದಿನ ಇರ್ತಾರೆ ಬಿಡಿ, ಹಬ್ಬದ ಹಿಂದಿನ ದಿನ ಓಡಿ ಬರ್ತಾರೆ" ಎಂದರು. ಹಿಂದಿನ ದಿನವೂ ಯಾರೂ ಬರಲಿಲ್ಲ.

ಹಬ್ಬದ ಸಂಜೆ ಟೈಪಿಸ್ಟ್ ಅರಿಶಿನ ಕುಂಕುಮಕ್ಕೆ ಕರೆದಿದ್ದಳು. ಹೋಗಬಾರದೆಂದುಕೊಂಡೇ ಹೋದೆ. ಅಲ್ಲಿ ಸಪ್ಪೆ ಮುಖಗಳಿರುತ್ತವೆ ಎಂದುಕೊಂಡಿದ್ದವಳಿಗೆ ಬಾಗಿಲಿನಾಚೆಯಿಂದಲೇ ನಗು ಕೇಳಿಸಿತು. ಎಲ್ಲರೂ ಹಳೆಯ ಸೀರೆ ಉಟ್ಟಿದ್ದರು. ಅರ್ಧ ಸೀರೆಗಳು ನನ್ನ ಅಂಗಡಿಯವೇ. "ನನ್ನ ಸೀರೆ ಬಣ್ಣ ಹೋಗಿ ಯಾವುದು ಅಂತ ನಿಮಗೇ ಗೊತ್ತಾಗ್ತಿಲ್ಲ ನೋಡಿ" ಎಂದು ಒಬ್ಬಳು ಸೆರಗು ಹರಡಿ ತೋರಿಸಿದಳು. ಕೆಲಸ ಕಳೆದುಕೊಂಡ ಹೆಂಗಸರನ್ನು ಮೊದಲ ಸಾಲಿನಲ್ಲಿ ಕೂರಿಸಿದ್ದರು. ಅವರಲ್ಲೊಬ್ಬಳು, ಕೊಪ್ಪಳದ ಕಡೆಯವಳು, ನನ್ನ ಪಕ್ಕ ಕೂತಿದ್ದಳು. "ಇಷ್ಟು ಮಂದಿ ನನ್ನ ಸಲುವಾಗಿ ಹಳೇದು ಉಟ್ಟಾರ್ರೀ. ನನ್ನ ಲಗ್ನದಾಗೂ ಇಷ್ಟು ಮರ್ಯಾದಿ ಸಿಕ್ಕಿರಲಿಲ್ಲ" ಎಂದಳು. ನಾನುಟ್ಟಿದ್ದ ಹೊಸ ಸೀರೆ ಮೈಗೆ ಚುಚ್ಚಿದಂತಾಯಿತು.

ಮರುದಿನ ಪಾತ್ರೆ ಅಂಗಡಿಗೆ ಹೋಗಿ, "ಬೈದಿದ್ದು ಸಾಕು, ನಡೀರಿ ಶಾಸಕರ ಹತ್ರ ಹೋಗೋಣ" ಎಂದೆ. ಅವರು ಸ್ವಲ್ಪ ಗೊಣಗಿ ಚಪ್ಪಲಿ ಮೆಟ್ಟಿದರು. ಉಳಿದವರನ್ನೂ ಒಪ್ಪಿಸಿ, ಬೀದಿಯ ಅಷ್ಟೂ ಅಂಗಡಿಗಳ ಶಟರ್ ಎಳೆದು ಹೊರಟೆವು. ಅಂಥ ಕಡೆ ನಾನು ಬಾಯಿ ತೆರೆದವಳೇ ಅಲ್ಲ.

"ಫ್ಯಾಕ್ಟರಿ ವಿಷಯ ನಿಮಗ್ಯಾಕಮ್ಮ?" ಎಂದರು ಶಾಸಕರು.

"ಆ ಹೆಂಗಸರ ಕೈಯಿಂದಲೇ ನಮ್ಮ ಬೀದಿ ಬದುಕಿದೆ ಸಾರ್. ಅವರು ಒಳಗೆ ಹೋಗೋ ತನಕ ನಮ್ಮ ಶಟರ್ ಏಳಲ್ಲ" ಎಂದೆ. ಆ ಮಾತು ನನ್ನ ಬಾಯಿಂದ ಹೇಗೆ ಬಂತೋ ಇವತ್ತಿಗೂ ಗೊತ್ತಿಲ್ಲ. ಹಿಂದಿನಿಂದ ಸ್ವೀಟ್ ಸ್ಟಾಲಿನವರು, "ಹೌದು ಸಾರ್, ಏಳಲ್ಲ!" ಎಂದು ಕೂಗಿಬಿಟ್ಟರು.

ಶಾಸಕರು ನಮ್ಮೆದುರೇ ಎರಡು ಫೋನ್ ಮಾಡಿದರು. ಮೂರು ದಿನ ಬೀದಿ ಮುಚ್ಚಿತ್ತು. ನಾಲ್ಕನೆಯ ದಿನ ಆಡಳಿತದವರು ಹೆಂಗಸರನ್ನು ಮಾತುಕತೆಗೆ ಕರೆದರು, ಆಗ ಶಟರ್ ಎತ್ತಿದೆವು. ಆಮೇಲೂ ಆಡಳಿತದವರು ಎಳೆದಾಡಿದರು, ಆದರೆ ದಸರೆಗೆ ಮೊದಲು ಎಲ್ಲರಿಗೂ ಮರಳಿ ಬರುವಂತೆ ಆದೇಶ ಸಿಕ್ಕಿತು. ಇಬ್ಬರು ಅಷ್ಟರಲ್ಲಿ ಗಾರ್ಮೆಂಟ್ಸ್ ಸೇರಿದ್ದರಿಂದ ಬರಲಿಲ್ಲ. ಉಳಿದವರು ಬೆಳಿಗ್ಗೆ ಗೇಟಿನೊಳಗೆ ಹೋಗುವಾಗ ನಾವು ಅಂಗಡಿಯವರೆಲ್ಲ ರಸ್ತೆಬದಿ ನಿಂತು ಚಪ್ಪಾಳೆ ತಟ್ಟಿದೆವು. ಕೊಪ್ಪಳದವಳು ತಿರುಗಿ ಎರಡೂ ಕೈ ಎತ್ತಿದಳು.

ಆ ಶನಿವಾರ ನನ್ನ ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಬಿಚ್ಚಿದ ಸೀರೆಗಳು ಗುಡ್ಡೆಯಾಗಿ, ಊಟಕ್ಕೂ ಪುರಸೊತ್ತಿಲ್ಲದೆ ಒದ್ದಾಡುತ್ತಿದ್ದೆ. ಟೈಪಿಸ್ಟ್ ಬಂದವಳೇ ಚಪ್ಪಲಿ ಬಿಟ್ಟು ಕೌಂಟರಿನ ಈಚೆ ದಾಟಿ, "ನೀವು ಹೋಗಿ ಉಣ್ಣಿ ಅಕ್ಕ, ನಾನು ಮಡಚ್ತೀನಿ" ಎನ್ನುತ್ತ ಮೊದಲ ಸೀರೆಯ ಎರಡು ತುದಿ ಹಿಡಿದು ಕೊಡವಿದಳು.